ಕಪಾಲ ಗುಹೆಯಿಂದ ಬೀಗ ಹಾಕಿದ ಕೋಣೆಗೆ: ಎರಡು ಬಗೆಯ ಕಥೆಗಳನ್ನು ಜೊತೆಗಿಟ್ಟು ಓದುವ ಕ್ರಮ

ಕಾಡಿನಲ್ಲಿ ನೆಲೆಸಿದ ಮುಖವಾಡದ ವೀರ ಫ್ಯಾಂಟಮ್‌ನ ಕಾಮಿಕ್ಸನ್ನು ಬಾಲ್ಯದ ಓದೆಂದೂ, ಪಾಳು ಕೋಟೆ ಮತ್ತು ಗುಟ್ಟಿನ ಕೋಣೆಗಳ ಭಯ ಬೆರೆತ ಗಾಥಿಕ್ ಪ್ರಣಯ ಕಾದಂಬರಿಗಳನ್ನು ಇಂಗ್ಲಿಷ್ ಎಂ.ಎ. ತರಗತಿಯ ಓದೆಂದೂ ಬೇರೆ ಬೇರೆ ಕಪಾಟುಗಳಲ್ಲಿ ಇಡುವುದು ನಮ್ಮಲ್ಲಿ ರೂಢಿ. ಆದರೆ ಇವನ್ನು ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟು ಓದಿದವರಿಗೆ ಎರಡರ ಸೆಳೆತವೂ ಒಂದೇ ಕಡೆಯಿಂದ ಹುಟ್ಟುತ್ತದೆ ಎಂಬುದು ತಿಳಿಯುತ್ತದೆ. ಎರಡರಲ್ಲಿಯೂ ಒಂದು ಗುಟ್ಟಿದೆ, ಆ ಗುಟ್ಟನ್ನು ಕಾಯುವ ಒಂದು ಜಾಗವಿದೆ. ಓದುಗನನ್ನು ಆ ಜಾಗದ ಒಳಗೆ ನಿಲ್ಲಿಸಲಾಗಿದೆಯೋ ಹೊರಗೋ ಎಂಬುದರ ಮೇಲೆ ರುಚಿ ಬದಲಾಗುತ್ತದೆ. ಹೀಗೆ ಓದಲು ಬೇಕಾಗುವುದು ಲೀ ಫಾಕ್ ಬರೆದ ಫ್ಯಾಂಟಮ್‌ನ ಒಂದೆರಡು ಹಳೆಯ ಕಥೆಗಳು, ಶಾರ್ಲಟ್ ಬ್ರಾಂಟೆಯ ‘ಜೇನ್ ಐರ್’ (1847), ಮತ್ತು ಅದೇ ಕಥೆಯನ್ನು ಮತ್ತೊಬ್ಬಳ ಕಡೆಯಿಂದ ಹೇಳುವ, ಜೀನ್ ರೀಸ್ ಬರೆದ ‘ವೈಡ್ ಸಾರ್ಗಾಸೋ ಸೀ’ (1966). ‘ಜೇನ್ ಐರ್’ ಓದದವರು ಮೊದಲು ಅದರ 26ನೆಯ ಅಧ್ಯಾಯದವರೆಗೆ ಓದಿ ಬರುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಅದರ ಗುಟ್ಟನ್ನು ಬಿಟ್ಟುಕೊಡಲಿದ್ದೇನೆ.

ಫ್ಯಾಂಟಮ್‌ನಿಂದ ಆರಂಭಿಸಿ, ಆದರೆ ಒಂದೇ ಗುಕ್ಕಿಗೆ ಮುಗಿಸಬೇಡಿ. 1936ರ ಫೆಬ್ರುವರಿ 17ರಂದು ಅಮೆರಿಕದ ದಿನಪತ್ರಿಕೆಗಳಲ್ಲಿ ಮೊದಲಾದ ಈ ಕಥೆ ದಿನಕ್ಕೆ ಕೆಲವೇ ಚೌಕಗಳಷ್ಟು ಬರುತ್ತಿತ್ತು. ಮೊದಲ ಚೌಕ ನಿನ್ನೆಯದನ್ನು ನೆನಪಿಸಬೇಕು, ಕೊನೆಯ ಚೌಕ ನಾಳೆಯವರೆಗೆ ಕಾಯಿಸಬೇಕು. ಹಾಗಾಗಿ ಗೊತ್ತಿರುವ ಸಂಗತಿಯನ್ನೇ ಯಾವುದಾದರೂ ಪಾತ್ರ ಮತ್ತೆ ಹೇಳಿದರೆ ಬೇಸರಪಡದೆ, ಒಂದು ದಿನದ ಕಂತು ಅಲ್ಲಿಗೆ ಮುಗಿದಿತ್ತು ಎಂದು ಗುರುತಿಸಿಕೊಂಡು, ನೀವೂ ಅಲ್ಲಿಯೇ ಪುಸ್ತಕ ಮುಚ್ಚಿ ಮರುದಿನ ಮುಂದುವರಿಸಿ ನೋಡಿ. 1964ರಲ್ಲಿ ಮುಂಬೈಯಿಂದ ಹೊರಡಲಾರಂಭಿಸಿ, ಮುಂದೆ ಕನ್ನಡದಲ್ಲಿಯೂ ಬಂದ ಇಂದ್ರಜಾಲ ಕಾಮಿಕ್ಸ್‌ನ ಹಳೆಯ ಸಂಚಿಕೆಗಳು ನಿಮ್ಮ ಅಟ್ಟದ ಮೇಲಿದ್ದರೆ ಅವನ್ನು ಪ್ರೀತಿಯಿಂದಲೇ ಓದಿ; ಆದರೆ ಪುಟಕ್ಕೆ ಹೊಂದಿಸಲೆಂದು ಅವುಗಳಲ್ಲಿ ಚೌಕಗಳನ್ನು ಕತ್ತರಿಸಿದ್ದರಿಂದ ಈ ಕಂತಿನ ಬೆಸುಗೆಗಳು ಎಲ್ಲೆಡೆ ಸ್ಪಷ್ಟವಾಗಿ ಕಾಣುವುದಿಲ್ಲ. ಪತ್ರಿಕೆಯಲ್ಲಿ ಬಂದ ಕ್ರಮದಲ್ಲಿಯೇ ಅಚ್ಚಾದ ಸಂಕಲನ ಸಿಕ್ಕರೆ ಅದು ಹೆಚ್ಚು ಉಪಯುಕ್ತ.

ಎರಡನೆಯ ಸಲ ಓದುವಾಗ ಮಾತುಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಬೇಕು. ಮೊದಲ ಚಿತ್ರಕಾರ ರೇ ಮೂರ್ ಕಪ್ಪು ಶಾಯಿಯನ್ನು ಧಾರಾಳವಾಗಿ ಬಳಸಿದವನು. ಮುಖವಾಡದ ಹಿಂದೆ ಕಣ್ಣುಗುಡ್ಡೆಗಳೇ ಕಾಣದಿರುವುದನ್ನು ಗಮನಿಸಿ. ಗ್ರೀಕ್ ಶಿಲ್ಪಗಳ ಕಣ್ಣುಗಳಿಂದ ಈ ಕಲ್ಪನೆ ತನಗೆ ಬಂತೆಂದು ಫಾಕ್ ಹೇಳಿದ್ದುಂಟು. ಅನಂತರ ಫ್ಯಾಂಟಮ್‌ನ ನೆಲೆಯಾದ ಕಪಾಲ ಗುಹೆಗೆ ಬನ್ನಿ. 1536ರಲ್ಲಿ ಕಡಲುಗಳ್ಳರ ದಾಳಿಯಿಂದ ಬದುಕುಳಿದು ದಡ ಸೇರಿದವನೊಬ್ಬ ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದ. ಅಂದಿನಿಂದ ಮಗನ ನಂತರ ಮಗ ಅದೇ ಮುಖವಾಡವನ್ನು ತೊಟ್ಟು, ಈಗಿನವನು ಇಪ್ಪತ್ತೊಂದನೆಯವನು. ಗುಹೆಯೊಳಗೆ ಹಿಂದಿನವರ ಸಮಾಧಿಗಳಿವೆ, ಅವರೆಲ್ಲ ಬರೆದಿಟ್ಟ ದಿನಚರಿಗಳಿವೆ. ಇಂಗ್ಲಿಷ್ ಕಾದಂಬರಿಗಳ ಪಾಳು ಕೋಟೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವೇನೂ ನನಗೆ ಕಾಣುವುದಿಲ್ಲ. ಕಾಡಿನ ಜನ ಇವರೆಲ್ಲ ಒಬ್ಬನೇ ಸಾವಿಲ್ಲದ ಮನುಷ್ಯನೆಂದು ನಂಬುತ್ತಾರೆ. ಅವನ ಆಪ್ತರಾದ ಬಾಂಡಾರ ಬುಡಕಟ್ಟಿನವರಿಗೆ ಮತ್ತು ಓದುಗರಿಗೆ ಮಾತ್ರ ನಿಜ ಗೊತ್ತು. ಹತ್ತು ವರ್ಷದ ಹುಡುಗನಿಗೆ ಈ ಕಥೆ ಇಷ್ಟವಾಗುವುದಕ್ಕೆ ಹೊಡೆದಾಟಕ್ಕಿಂತ ಹೆಚ್ಚಾಗಿ, ಗುಟ್ಟಿನಲ್ಲಿ ಪಾಲುದಾರನಾಗುವ ಈ ಹೆಮ್ಮೆಯೇ ಕಾರಣವೆಂಬುದು ನನ್ನ ಅಭಿಪ್ರಾಯ.

ಈಗ ‘ಜೇನ್ ಐರ್’ನ 11ನೆಯ ಅಧ್ಯಾಯವನ್ನು ತೆರೆಯಿರಿ. (ಮೂರು ಸಂಪುಟಗಳಾಗಿ ವಿಂಗಡಿಸಿದ ಮುದ್ರಣಗಳಲ್ಲಿ ಮುಂದಿನ ಅಧ್ಯಾಯಗಳ ಸಂಖ್ಯೆ ಬೇರೆಯಿರುತ್ತದೆ.) ಥಾರ್ನ್‌ಫೀಲ್ಡ್ ಬಂಗಲೆಯ ಮೇಲಂತಸ್ತಿನ ಓಣಿಯಲ್ಲಿ, ಅಲ್ಲಿಗೆ ಮನೆಪಾಠದ ಶಿಕ್ಷಕಿಯಾಗಿ ಬಂದ ಜೇನ್ ಒಂದು ನಗೆಯನ್ನು ಕೇಳುತ್ತಾಳೆ. ಅದು ಯಾರದೆಂದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಅಂದರೆ ನಾವೀಗ ಗುಟ್ಟಿನ ಹೊರಗಿದ್ದೇವೆ. 26ನೆಯ ಅಧ್ಯಾಯದಲ್ಲಿ ಬಂಗಲೆಯ ಒಡೆಯ ರಾಚೆಸ್ಟರ್‌ನೊಂದಿಗೆ ಜೇನ್‌ಳ ಮದುವೆ ಮುರಿದುಬಿದ್ದು, ಮೇಲಂತಸ್ತಿನ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದ ಅವನ ಮೊದಲ ಹೆಂಡತಿ ಬರ್ಥಾ ಕಾಣಿಸಿಕೊಳ್ಳುವಾಗ ಅವಳ ವರ್ಣನೆಗೆ ಬಳಸಿದ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚಿನವು ಮೃಗಕ್ಕೆ ಸಲ್ಲುವ ಪದಗಳು. ಅವಳು ಜಮೈಕಾದಿಂದ ಬಂದವಳು, ಮೂವತ್ತು ಸಾವಿರ ಪೌಂಡು ವರದಕ್ಷಿಣೆ ತಂದವಳು, ಮತ್ತು ಕಾದಂಬರಿಯಲ್ಲಿ ಅವಳಿಗೆ ತನ್ನ ಕಥೆ ಹೇಳುವ ಅವಕಾಶವಿಲ್ಲ.

ಕೆರಿಬಿಯನ್ ದ್ವೀಪವಾದ ಡೊಮಿನಿಕಾದಲ್ಲಿ ಹುಟ್ಟಿದ ಜೀನ್ ರೀಸ್ ಆ ಅವಕಾಶವನ್ನು ಅವಳಿಗೆ ಕೊಟ್ಟಳು. ಈ ಪುಸ್ತಕವನ್ನು ಓದುವಾಗ ಪ್ರತಿ ಭಾಗದ ಆರಂಭದಲ್ಲಿ ‘ಈಗ ಹೇಳುತ್ತಿರುವವರು ಯಾರು’ ಎಂದು ಕೇಳಿಕೊಳ್ಳಲೇಬೇಕು, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ಮೊದಲ ಭಾಗದಲ್ಲಿ ಹೇಳುವವಳು ಆಂತ್ವಾನೆಟ್. ಬರ್ಥಾ ಎಂಬುದು ಗಂಡ ಅವಳ ಮೇಲೆ ಹೊರಿಸಿದ ಹೆಸರು. ಎರಡನೆಯ ಭಾಗದ ಬಹುಪಾಲನ್ನು ಹೇಳುವವನು ಆ ಗಂಡ, ಅವನ ಹೆಸರನ್ನು ಮಾತ್ರ ರೀಸ್ ಎಲ್ಲಿಯೂ ಬರೆಯುವುದಿಲ್ಲ. ಮೂರನೆಯ ಭಾಗಕ್ಕೆ ಹೋಗುವ ಮುನ್ನ ನಿಂತು, ‘ಜೇನ್ ಐರ್’ನ 36ನೆಯ ಅಧ್ಯಾಯವನ್ನು ಓದಿಕೊಳ್ಳಿ. ಅಲ್ಲಿ ಬಂಗಲೆಗೆ ಬೆಂಕಿ ಬಿದ್ದುದನ್ನು ಜೇನ್‌ಗೆ ಹೇಳುವವನು ಒಬ್ಬ ಛತ್ರದ ಯಜಮಾನ, ಅದೂ ಊರ ಸುದ್ದಿಯೆಂಬಂತೆ. ತಕ್ಷಣ ರೀಸ್‌ಳ ಕೊನೆಯ ಪುಟಗಳನ್ನು ಓದಿದರೆ, ನಾವು ಬೀಗ ಹಾಕಿದ ಕೋಣೆಯ ಒಳಗೆ, ಕೈಯಲ್ಲಿ ಮೇಣದಬತ್ತಿ ಹಿಡಿದವಳ ಪಕ್ಕದಲ್ಲಿಯೇ ಇರುತ್ತೇವೆ.

ಇಷ್ಟಾದ ಮೇಲೆ ಫ್ಯಾಂಟಮ್‌ಗೆ ಮರಳಬೇಕು. ಕಡಲುಗಳ್ಳರಿಗೆ ‘ಸಿಂಗ್’ ಎಂಬ ಹೆಸರಿದ್ದುದನ್ನು ಭಾರತದ ಸಂಚಿಕೆಗಳಲ್ಲಿ ‘ಸಿಂಗಾ’ ಎಂದೂ, ಬೆಂಗಾಲಿ ಎಂಬ ನಾಡಿನ ಹೆಸರನ್ನು ‘ಡೆಂಕಾಲಿ’ ಎಂದೂ ಬದಲಿಸಿದ್ದರು. ಹೆಸರು ಬದಲಾದರೂ, ಬಿಳಿಯ ಮನೆತನವೊಂದು ತಲೆಮಾರುಗಳ ಕಾಲ ಕಾಡಿನ ಜನರ ನಂಬಿಕೆಯ ಮೇಲೆ ನಿಂತಿರುವ ವ್ಯವಸ್ಥೆ ಹಾಗೆಯೇ ಉಳಿಯಿತು. ಬಾಂಡಾರರ ನಾಯಕ ಗುರಾನ್‌ಗೆ ಎಲ್ಲ ಗುಟ್ಟೂ ಗೊತ್ತು. ಯಾವುದಾದರೂ ಒಂದು ಕಥೆಯನ್ನು ಆಯ್ದುಕೊಂಡು, ಅವನು ಇದ್ದೂ ಮಾತಾಡದಿರುವ ಚೌಕಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಅಲ್ಲಿ ಅವನು ಏನು ಹೇಳಬಹುದಿತ್ತೆಂದು ಪುಟದ ಅಂಚಿನಲ್ಲಿ ಬರೆಯುತ್ತ ಹೋಗಿ.