ಮಳೆಗಾಲ ತಾಳುವ ಲ್ಯಾಪ್‌ಟಾಪ್: ತೋಟದ ರೈಟರ್ ಒಬ್ಬನ ಸಜ್ಜು

ಡೆಸ್ಕ್‌ಟಾಪ್ ಸಜ್ಜುಗೊಳಿಸುವುದೆಂದರೆ ವಾಲ್‌ಪೇಪರ್ ಬದಲಿಸುವುದು ಎಂದುಕೊಂಡವರೇ ಹೆಚ್ಚು. ಕೊಡಗಿನ ಮಾದಾಪುರದ ಕಡೆ ಕುಳಿತು ಕೆಲವು ಕಾಫಿ ತೋಟಗಳ ಚೆಕ್‌ರೋಲ್ (ಕೂಲಿಯವರ ಹಾಜರಿ, ಕೂಲಿಯ ಪಟ್ಟಿ), ಮಳೆ ಲೆಕ್ಕ, ಮಾರಾಟದ ಬಿಲ್ಲು ನೋಡಿಕೊಳ್ಳುವ ರೈಟರ್, ಅಂದರೆ ಗುಮಾಸ್ತನಾದ ನನಗೆ ಮೊದಲ ಪ್ರಶ್ನೆ ಬೇರೆ: ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಅರ್ಧ ಬರೆದ ಲೆಕ್ಕ ಉಳಿಯುತ್ತದೆಯೇ? ಕೈಯ ವೇಗ ಆಮೇಲಿನದು. ಅಂದಚಂದ ಕಟ್ಟಕಡೆಗೆ.

ನನ್ನದು ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ, ಆದರೆ ಇದರಲ್ಲಿ ಎರಡು ಬ್ಯಾಟರಿಗಳಿವೆ. ಒಂದು ಒಳಗೆ, ಇನ್ನೊಂದು ಹಿಂಬದಿಯಲ್ಲಿ. ಒಳಗಿನದರಲ್ಲಿ ಚಾರ್ಜ್ ಇದ್ದರೆ ಯಂತ್ರ ನಡೆಯುತ್ತಿರುವಾಗಲೇ ಹಿಂದಿನದನ್ನು ಕಳಚಿ ಬೇರೊಂದನ್ನು ಸಿಕ್ಕಿಸಬಹುದು. ಜುಲೈ ತಿಂಗಳಲ್ಲಿ ಈ ಅನುಕೂಲದ ಮುಂದೆ ಹೊಸ ಪ್ರೊಸೆಸರ್‌ನ ಹೆಚ್ಚುಗಾರಿಕೆ ನನಗೆ ಮುಖ್ಯವಲ್ಲ. ಇದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ, ಅದರ ಮೇಲೆ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದೇನೆ. ಮುಂದೆ ಹೇಳುವ ಸೆಟ್ಟಿಂಗು, ಕೀಲಿಗಳೆಲ್ಲ ಅದರವು.

ಮೊದಲು ವಿದ್ಯುತ್ತಿನ ವ್ಯವಸ್ಥೆ. ಬ್ಯಾಟರಿಯನ್ನು ಸದಾ ನೂರರಲ್ಲಿಟ್ಟರೆ ಅದರ ಆಯುಸ್ಸು ಕುಗ್ಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಟಿಎಲ್‌ಪಿ ಎಂಬ ತಂತ್ರಾಂಶದ ಮೂಲಕ ಚಾರ್ಜಿಂಗ್ ಶೇ. 80ಕ್ಕೆ ನಿಲ್ಲುವಂತೆ ಮಾಡುತ್ತೇನೆ. ಮುಂಗಾರು ಹಿಡಿದ ಮೇಲೆ ಆ ಮಿತಿಯನ್ನು ತೆಗೆದುಹಾಕುತ್ತೇನೆ, ಆಗ ಆಯುಸ್ಸಿನ ಚಿಂತೆಗಿಂತ ಆ ದಿನದ ಕೆಲಸ ದೊಡ್ಡದು. ಪ್ಲಾಸ್ಮಾದ ಪವರ್ ಮ್ಯಾನೇಜ್‌ಮೆಂಟ್ ಸೆಟ್ಟಿಂಗ್‌ನಲ್ಲಿ, ಬ್ಯಾಟರಿ ತೀರಾ ತಳ ಮುಟ್ಟಿದಾಗ ಯಂತ್ರ ಹೈಬರ್ನೇಟ್ ಆಗುವಂತೆ, ಅಂದರೆ ಮೆಮೊರಿಯಲ್ಲಿದ್ದುದನ್ನು ಡಿಸ್ಕ್‌ಗೆ ಬರೆದಿಟ್ಟು ಆರಿಹೋಗುವಂತೆ, ಆಯ್ಕೆ ಮಾಡಿ. ಬರೀ ಸ್ಲೀಪ್ ಸಾಲದು, ಅದರಲ್ಲಿ ಮೆಮೊರಿಗೆ ವಿದ್ಯುತ್ ಬೇಕೇ ಬೇಕು. ಹೈಬರ್ನೇಟ್ ಸರಿಯಾಗಿ ಆಗಬೇಕಾದರೆ ಸ್ವಾಪ್ ಜಾಗ, ಅಂದರೆ ಡಿಸ್ಕ್‌ನಲ್ಲಿ ಮೆಮೊರಿಗೆಂದು ಮೀಸಲಿಟ್ಟ ಜಾಗ, ರ‍್ಯಾಮ್‌ನಷ್ಟಾದರೂ ಇರಲಿ. ಲೆಕ್ಕದ ಹಾಳೆ ಬರೆಯುವ ಲಿಬ್ರೆಆಫೀಸ್ ತಂತ್ರಾಂಶ, ಕೆಲಸ ಅರ್ಧಕ್ಕೆ ನಿಂತರೆ ಮರಳಿ ಪಡೆಯಲೆಂದು ಹತ್ತು ನಿಮಿಷಕ್ಕೊಮ್ಮೆ ಒಂದು ಪ್ರತಿ ಉಳಿಸುತ್ತದೆ. ನಾನು ಅದನ್ನು ಎರಡು ನಿಮಿಷಕ್ಕೆ ಇಳಿಸಿದ್ದೇನೆ.

ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯಾವ ಸೆಟ್ಟಿಂಗೂ ಇಲ್ಲ. ಚಾರ್ಜರ್ ಕಿತ್ತರಷ್ಟೇ ಸಾಲದು, ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ ನಿಜ, ಆದರೆ ರೂಟರ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಇನ್ನು ಕೀಲಿಮಣೆ. ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡಕ್ಕೆ ಕಗಪ ಎಂಬ ಆಯ್ಕೆ ಇದೆ. ಕೆ.ಪಿ. ರಾವ್ ಅವರ ವಿನ್ಯಾಸದ ಕುಟುಂಬಕ್ಕೆ ಸೇರಿದ್ದು, ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಬೇಗ ಒಗ್ಗುತ್ತದೆ. ಭಾಷೆ ಬದಲಿಸಲು ಕ್ಯಾಪ್ಸ್‌ಲಾಕ್ ಕೀಲಿಯನ್ನೇ ಕೊಟ್ಟುಬಿಡಿ. ಹೇಗೂ ಅದು ಬೇರೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಕೂಲಿಯವರ ಹೆಸರು ಕನ್ನಡದಲ್ಲಿ, ಬಿಲ್ಲಿನ ವಿವರ ಇಂಗ್ಲಿಷಿನಲ್ಲಿ ತುಂಬುವವರಿಗೆ ಇದೊಂದೇ ಬದಲಾವಣೆ ದಿನಕ್ಕೆ ಎಷ್ಟೋ ಕಿರಿಕಿರಿ ಉಳಿಸುತ್ತದೆ. ನುಡಿಯ ಹಳೆಯ ಯೂನಿಕೋಡೇತರ ಫೈಲುಗಳು ಮಾತ್ರ ಆ ಫಾಂಟ್ ಇಲ್ಲದೆ ತೆರೆದರೆ ಗೋಜಲಾಗಿ ಕಾಣುತ್ತವೆ, ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ವರ್ಚುವಲ್ ಡೆಸ್ಕ್‌ಟಾಪ್, ಅಂದರೆ ಒಂದೇ ಪರದೆಯಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮೇಜು, ನಾಲ್ಕು ಸಾಕು, ಅದಕ್ಕಿಂತ ಹೆಚ್ಚಾದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ಒಂದರಲ್ಲಿ ಚೆಕ್‌ರೋಲ್, ಎರಡರಲ್ಲಿ ಬಿಲ್ಲು, ಮೂರರಲ್ಲಿ ಬ್ಯಾಂಕು, ನಾಲ್ಕರಲ್ಲಿ ಮೇಲ್ ಮತ್ತು ಸಂದೇಶ. ಕಂಟ್ರೋಲ್ ಜೊತೆ ಎಫ್1ರಿಂದ ಎಫ್4ರವರೆಗಿನ ಕೀಲಿ ಒತ್ತಿದರೆ ಅಲ್ಲಿಗೆ ಹೋಗುತ್ತೀರಿ. ವಿಂಡೋದ ಶೀರ್ಷಿಕೆಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ, ಹೆಚ್ಚಿನ ಕ್ರಿಯೆಗಳಲ್ಲಿ ಆ ತಂತ್ರಾಂಶಕ್ಕೊಂದು ನಿಯಮ ಬರೆದಿಡಬಹುದು. ಆಗ ಮೇಲ್ ಯಾವಾಗ ತೆರೆದರೂ ನಾಲ್ಕನೆಯದರಲ್ಲೇ ತೆರೆಯುತ್ತದೆ, ಲೆಕ್ಕದ ನಡುವೆ ಕಣ್ಣಿಗೆ ಬೀಳುವುದಿಲ್ಲ.

ಬಿಲ್ಲಿನ ಸ್ಕ್ಯಾನ್ ಎಡಕ್ಕೆ, ಲೆಕ್ಕದ ಹಾಳೆ ಬಲಕ್ಕೆ ಬೇಕಾದಾಗ ಮೆಟಾ ಕೀಲಿ, ಅಂದರೆ ವಿಂಡೋಸ್ ಗುರುತಿನ ಕೀಲಿಯ ಜೊತೆ ಬಾಣದ ಕೀಲಿ ಒತ್ತಿ. ಅರ್ಧರ್ಧ ಬೇಡ, ಹಾಳೆಗೆ ಹೆಚ್ಚು ಜಾಗ ಬೇಕೆಂದರೆ ಮೆಟಾ ಮತ್ತು ಟಿ ಒತ್ತಿ ಪರದೆಯನ್ನು ಇಷ್ಟದಂತೆ ಭಾಗ ಮಾಡಿ. ಆಮೇಲೆ ಶಿಫ್ಟ್ ಹಿಡಿದು ಎಳೆದ ವಿಂಡೋ ಆ ಭಾಗದಲ್ಲಿ ಹೋಗಿ ಕೂರುತ್ತದೆ. ಇದು ಪ್ಲಾಸ್ಮಾದ 2023ರ 5.27ನೇ ಆವೃತ್ತಿಯಿಂದ ಇದೆ. ಎರಡನೇ ಮಾನಿಟರ್ ಕೊಳ್ಳಿ ಎನ್ನುವವರ ಮಾತು ಇಲ್ಲಿಗೆ ಹೊಂದುವುದಿಲ್ಲ. ಕರೆಂಟಿನ ಜೊತೆ ಅದೂ ಆರಿಹೋಗಿ, ಅದರಲ್ಲಿದ್ದ ವಿಂಡೋಗಳೆಲ್ಲ ಸಣ್ಣ ಪರದೆಯಲ್ಲಿ ಬಂದು ಗುಂಪುಗೂಡುತ್ತವೆ.

ನಾನು ಅತಿ ಹೆಚ್ಚು ಬಳಸುವುದು ಆಲ್ಟ್ ಮತ್ತು ಸ್ಪೇಸ್ ಒತ್ತಿದಾಗ ಬರುವ ಕೆ-ರನ್ನರ್. ಅದು ಫೈಲು ಹುಡುಕುತ್ತದೆ, ತಂತ್ರಾಂಶ ತೆರೆಯುತ್ತದೆ, ಲೆಕ್ಕವನ್ನೂ ಮಾಡುತ್ತದೆ. ನಮ್ಮ ತೋಟಗಳಲ್ಲಿ ಮಳೆ ಬರೆಯುವುದು ಇಂಚು, ಸೆಂಟ್‌ಗಳಲ್ಲಿ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಎರಡು ಇಂಚು ಮೂವತ್ತೈದು ಸೆಂಟ್ ಎಂದು ತೋಟದಿಂದ ಫೋನ್ ಬಂದರೆ ಅಲ್ಲೇ 2.35 ಇಂಚು ಎಂದು ಕೊಟ್ಟು 59.69 ಮಿ.ಮೀ. ಪಡೆಯುತ್ತೇನೆ. ಮೆಟಾ ಮತ್ತು ವಿ ಒತ್ತಿದರೆ ಈಚೆಗೆ ನಕಲಿಸಿದ್ದು ಪಟ್ಟಿಯಾಗಿ ಬರುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ನಕಲಿಸಿದ್ದರೆ ಅದೂ ಅಲ್ಲೇ ಉಳಿದಿರಬಹುದು, ಅಳಿಸಿಬಿಡಿ.

ಪಾರದರ್ಶಕ ಫಲಕ, ನಡುಗುವ ವಿಂಡೋ, ಇವನ್ನೆಲ್ಲ ಆಫ್ ಮಾಡಿ. ಆನಿಮೇಷನ್ ವೇಗವನ್ನು ಅತಿ ಹೆಚ್ಚಿನ ತುದಿಗೆ ತಳ್ಳಿ.

ಮಳೆಗಾಲದಲ್ಲಿ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಮರೆಯಬೇಡಿ, ಚೀಲಕ್ಕೂ ಬೂಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆ ಚಾಲೂ ಮಾಡಿ, ಒಳಗಿನ ಬಿಸಿಗೆ ತೇವ ಆರಲಿ.

ಈ ಸಜ್ಜಿನ ಬಹುಪಾಲು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಚುಕ್ಕೆಯಿಂದ ಶುರುವಾಗುವ ಕಾನ್ಫಿಗ್ ಎಂಬ ಫೋಲ್ಡರ್‌ನಲ್ಲಿರುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ. ಅದರದೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಅಪ್‌ಡೇಟ್ ಹಾಕುವ ಮೊದಲು ಆ ಪ್ರತಿಯನ್ನು ಹೊಸದಾಗಿ ಮಾಡಿಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ, ಬಟವಾಡೆಯ ಹಿಂದಿನ ದಿನವಂತೂ ಅಪ್‌ಡೇಟ್ ಬೇಡವೇ ಬೇಡ.