ಗ್ಯಾಸ್ ಬಾಯ್ಲರ್‌ನ ನಾಕ್ಸ್ ಇಳಿಸಬೇಕಾ? ಮೊದಲು ಆಕ್ಸಿಜನ್ ನೋಡಿ

ಚಿಮಣಿ ರಿಪೋರ್ಟ್‌ನಲ್ಲಿ ನಾಕ್ಸ್, ಅಂದ್ರೆ ನೈಟ್ರೋಜನ್ ಆಕ್ಸೈಡ್, ಜಾಸ್ತಿ ಬಂತು ಅಂತ ತಕ್ಷಣ ಹೊಸ ಬರ್ನರ್‌ಗೆ ಕೊಟೇಶನ್ ತರಿಸಬೇಡಿ. ಅದೇ ರಿಪೋರ್ಟ್‌ನಲ್ಲಿ ಆಕ್ಸಿಜನ್ ಎಷ್ಟಿದೆ ನೋಡಿ.

ಬರೀ ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗ ಹೊಗೆಯಲ್ಲಿ ನಾಕ್ಸ್ ಎಷ್ಟು ಭಾಗ ಅನ್ನೋ ಅಂಕಿ, ನಂಬಿದರೆ ಮೋಸ ಹೋಗುತ್ತೀರಿ. ಗ್ಯಾಸ್ ಬಾಯ್ಲರ್‌ಗಳನ್ನು ಸಾಮಾನ್ಯವಾಗಿ 3% ಆಕ್ಸಿಜನ್‌ಗೆ ಲೆಕ್ಕ ಹಾಕಿ ಹೋಲಿಸುತ್ತಾರೆ. ಸಿಕ್ಕ ಪಿಪಿಎಂ ಅನ್ನು 18ರಿಂದ ಗುಣಿಸಿ, 21ರಲ್ಲಿ ನಿಮ್ಮ ಆಕ್ಸಿಜನ್ ಕಳೆದು ಬಂದದ್ದರಿಂದ ಭಾಗಿಸಿ. 9% ಆಕ್ಸಿಜನ್‌ನಲ್ಲಿ 60 ಪಿಪಿಎಂ ಬಂದಿದ್ದರೆ 3% ಲೆಕ್ಕದಲ್ಲಿ ಅದು ನಿಜಕ್ಕೂ 90. ಗಾಳಿ ಬೆರೆತು ತೆಳ್ಳಗಾಗಿದೆ, ಅಷ್ಟೇ. ಮಜ್ಜಿಗೆಗೆ ನೀರು ಹೊಯ್ದ ಹಾಗೆ.

ಗ್ಯಾಸ್ ಉರಿಯುವಾಗ ಜ್ವಾಲೆಯ ಬಿಸಿಗೆ ಗಾಳಿಯ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನಾಕ್ಸ್ ಆಗುತ್ತದೆ. ಹಾಗಾಗಿ ಆಕ್ಸಿಜನ್ ಕಡಿಮೆ ಮಾಡಿ, ಇಲ್ಲವೇ ಜ್ವಾಲೆ ತಣ್ಣಗೆ ಮಾಡಿ.

ಹಳೆಯ ಮಾಮೂಲಿ ಬರ್ನರ್ ಆದರೆ ಮೊದಲು ಗಾಳಿ ಸೋರುವ ಜಾಗಗಳನ್ನು ಮುಚ್ಚಿ. ಆಮೇಲೆ ಸರ್ವಿಸ್‌ನವರನ್ನು ಕರೆಸಿ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಕಾರ್ಬನ್ ಮೊನಾಕ್ಸೈಡ್ ನೋಡುತ್ತಾ. ಅದು ಏರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ಗ್ಯಾಸ್ ಬಿಲ್ಲೂ ಇಳಿಯುತ್ತದೆ. ಆದರೆ ಜಾಲರಿ ತಲೆಯ ಪ್ರೀಮಿಕ್ಸ್ ಬರ್ನರ್ (ಗ್ಯಾಸ್, ಗಾಳಿ ಮೊದಲೇ ಬೆರೆಸಿ ಉರಿಸುವಂಥದ್ದು) ಇದ್ದರೆ ಈ ಉಪಾಯ ಉಲ್ಟಾ ಹೊಡೆಯುತ್ತದೆ. ಅದು ಹೆಚ್ಚು ಗಾಳಿಯಿಂದಲೇ ಜ್ವಾಲೆಯನ್ನು ತಣ್ಣಗಿಡುತ್ತದೆ, ಗಾಳಿ ಇಳಿಸಿದರೆ ನಾಕ್ಸ್ ಏರುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಎಫ್‌ಜಿಆರ್, ಅಂದ್ರೆ ಫ್ಲೂ ಗ್ಯಾಸ್ ರೀಸರ್ಕ್ಯುಲೇಶನ್. ಚಿಮಣಿಗೆ ಹೋಗುವ ಹೊಗೆಯಲ್ಲಿ 10ರಿಂದ 20% ವಾಪಸ್ ಬರ್ನರ್‌ಗೆ ಕೊಡುವುದು. ಗ್ಯಾಸ್‌ನಲ್ಲಿ ನಾಕ್ಸ್ ಅರ್ಧಕ್ಕರ್ಧ ಇಳಿಯುವುದುಂಟು. ಫ್ಯಾನ್‌ಗೆ ಅಷ್ಟು ತಾಕತ್ತು ಇದೆಯಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಫುಲ್ ಲೋಡ್ ಸಿಗುವುದಿಲ್ಲ. ತಣ್ಣಗಿದ್ದಾಗ ಶುರು ಮಾಡಿದರೆ ಪೈಪ್‌ನಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ, ಡ್ರೇನ್ ಇಡಿಸಿ. ಅತಿಯಾದರೆ ಜ್ವಾಲೆ ನಡುಗುತ್ತದೆ.

ಕಲ್ಲಿದ್ದಲು, ಸೌದೆಯ ಕಥೆಯೇ ಬೇರೆ, ಅಲ್ಲಿ ನೈಟ್ರೋಜನ್ ಉರುವಲಿನಲ್ಲೇ ಇರುತ್ತದೆ. ಗಾಳಿಯನ್ನು ಹಂತ ಹಂತವಾಗಿ ಕೊಡಬೇಕು, ಸಾಲದಿದ್ದರೆ 850ರಿಂದ 1100 ಡಿಗ್ರಿ ಇರುವ ಕಡೆ ಯೂರಿಯಾ ದ್ರಾವಣ ಸಿಂಪಡಿಸಬೇಕು.

ಏನೇ ಬದಲಾಯಿಸಿದರೂ ಲೋ, ಮಧ್ಯಮ, ಫುಲ್ ಫೈರ್ ಮೂರರಲ್ಲೂ ಅಳೆಸಿ. ಲೋಡ್ ಎಷ್ಟಿತ್ತು ಅಂತ ಪಕ್ಕದಲ್ಲೇ ಬರೆದಿಡಿ.