ಬೆಟಾಲಿಯನ್‌ಗೆ ಎಷ್ಟು ಗೊಂಬೆ?

ಮೇಜಿನ ಮೇಲೆ ಸೈನಿಕರ ಗೊಂಬೆ ಇಟ್ಟು ಹಳೆಯ ಕದನಗಳನ್ನು ಆಡುವ ಕಾಸರಗೋಡಿನ ವಾರ್‌ಗೇಮ್ ಗೆಳೆಯರಿಗೆ: ಬೆಟಾಲಿಯನ್‌ಗೆ, ಅಂದ್ರೆ ಒಂದು ಕಾಲಾಳು ದಳಕ್ಕೆ, ಗೊಂಬೆ ಲೆಕ್ಕ ಹಾಕುವಾಗ ಆದೇಶದಲ್ಲಿರುವ ಸಂಖ್ಯೆ ಬಿಡಿ, ಯುದ್ಧದ ದಿನ ಹಾಜರಿದ್ದವರ ಸಂಖ್ಯೆ ಹಿಡಿಯಿರಿ. ನೆಪೋಲಿಯನ್‌ನ 1808ರ ಆದೇಶದಂತೆ ಫ್ರೆಂಚ್ ಬೆಟಾಲಿಯನ್ ಅಂದ್ರೆ 6 ಕಂಪನಿ (ತುಕಡಿ), ಒಂದೊಂದರಲ್ಲಿ 140 ಜನ, ಒಟ್ಟು 840. 20 ಜನಕ್ಕೆ ಒಂದು ಗೊಂಬೆ ಇಟ್ಟರೆ 42 ಆಯ್ತು. ಆದರೆ 1815ರಲ್ಲಿ ವಾಟರ್ಲೂ ಕದನಕ್ಕೆ ಬಂದ ಎಷ್ಟೋ ಫ್ರೆಂಚ್ ಬೆಟಾಲಿಯನ್‌ಗಳು 500ರ ಆಸುಪಾಸಿನಲ್ಲಿದ್ದವು. 25 ಗೊಂಬೆ ಧಾರಾಳ ಸಾಕು, ಬಣ್ಣ ಹಚ್ಚುವ ಕೆಲಸವೂ ಉಳಿಯಿತು ಅಲ್ವಾ! ಕಾಯಿಲೆ ಬಿದ್ದವರು, ಓಡಿಹೋದವರು, ಸಾಮಾನು ಕಾಯಲು ಹೋದವರು ಕಾಗದದಲ್ಲಿ ಮಾತ್ರ ಇರುತ್ತಾರೆ. ಸಾಲಿನ ಉದ್ದ, ಗುಂಡಿನ ಹೊಡೆತ ಎರಡೂ ನಿಂತವರ ಲೆಕ್ಕ. ಹಾಗಾಗಿ ದೊಡ್ಡ ಹೆಸರಿನ ದಳವೂ ಮೇಜಿನ ಮೇಲೆ ಸುಮ್ನೆ ಉದ್ದವಾಗುವುದಿಲ್ಲ. ಹತ್ತಿಪ್ಪತ್ತು ಗೊಂಬೆಗಳ ಸಣ್ಣ ಕಾಳಗಕ್ಕೆ ಇದರಿಂದ ಪ್ರಯೋಜನವಿಲ್ಲ. ಎಲ್ಲ ದಳಕ್ಕೂ ಒಂದೇ ಗಾತ್ರ ಎನ್ನುವ ನಿಯಮಗಳಿಗೂ ಹೊಂದದು. ಅಲ್ಲಿ ಸೊರಗಿದ ದಳಕ್ಕೆ ಧೈರ್ಯದ ಅಂಕ ಕಡಿಮೆ ಮಾಡಿ. ಬೇಕಲ ಕೋಟೆ ಇಟ್ಟುಕೊಂಡು ಟಿಪ್ಪು ಕಾಲದ ಆಟ ಕಟ್ಟುವವರಿಗೆ ದಳವಾರು ಹಾಜರಿ ಸಿಗದಿದ್ದರೆ, ಒಟ್ಟು ಸೈನ್ಯವನ್ನು ದಳಗಳಿಗೆ ಹಂಚಿ. ಅದು ಅಂದಾಜು ಅಂತ ಎದುರಾಳಿಗೆ ಮೊದಲೇ ಹೇಳಿಬಿಡಿ.